‘ವಿದೇಶಿ ಕೈವಾಡ’ ಎಂದು ಬರೆಯುವ ಮೊದಲು: ಆರೋಪವನ್ನು ಬಿಡಿಸಿ ನೋಡುವ ಕ್ರಮ

ಒಂದು ದೇಶದಲ್ಲಿ ಸರ್ಕಾರ ಉರುಳಿದರೆ, ಸೇನೆ ಬೀದಿಗಿಳಿದರೆ, ಚುನಾವಣೆಯ ಫಲಿತಾಂಶ ತಲೆಕೆಳಗಾದರೆ ಮೊದಲು ಕೇಳಿಬರುವ ಮಾತು ‘ಇದರ ಹಿಂದೆ ವಿದೇಶಿ ಕೈವಾಡವಿದೆ’ ಎಂಬುದು. ಎಷ್ಟೋ ಸಲ ಅದು ನಿಜ. ಎಷ್ಟೋ ಸಲ ಅದು ತನ್ನದೇ ಪ್ರಜೆಗಳ ಸಿಟ್ಟನ್ನು ಮುಚ್ಚಿಹಾಕಲು ಆಳುವವರು ಹೂಡುವ ನೆಪ. ಎರಡೂ ಒಂದೇ ಮಾತಿನ ವೇಷದಲ್ಲಿ ಬರುವುದರಿಂದ ಬರೆಯುವವರು ಎಡವುತ್ತಾರೆ. ಸಾಕ್ಷ್ಯವಿಲ್ಲದೆ ಆರೋಪ ಹೊರಿಸಿದರೆ ಪ್ರಾಣ ಒತ್ತೆಯಿಟ್ಟು ಬೀದಿಗೆ ಬಂದವರನ್ನು ಬಾಡಿಗೆ ಜನ ಎಂದು ಕರೆದಂತೆ. ಸಾಕ್ಷ್ಯವಿದ್ದೂ ನುಣುಚಿಕೊಂಡರೆ ಬಲಾಢ್ಯ ದೇಶವೊಂದು ಇನ್ನೊಂದು ನಾಡಿನ ಬದುಕನ್ನು ಹಾಳುಮಾಡಿದ್ದು ಲೆಕ್ಕಕ್ಕೇ ಸಿಗದೆ ಹೋಗುತ್ತದೆ. ಈ ಎರಡು ತಪ್ಪೂ ಆಗದಂತೆ ಒಂದು ಆರೋಪವನ್ನು ಹೇಗೆ ಪರೀಕ್ಷಿಸಬೇಕು ಎಂಬುದೇ ಈ ಬರಹ. ಇತಿಹಾಸದ ವಿದ್ಯಾರ್ಥಿಗಳಿಗೆ, ವಿದೇಶಾಂಗ ಸುದ್ದಿ ಬರೆಯುವವರಿಗೆ, ಅಷ್ಟೇ ಏಕೆ, ಗಂಭೀರವಾಗಿ ಓದುವ ಯಾರಿಗಾದರೂ ಇದು ಬಳಕೆಗೆ ಬರುತ್ತದೆ.

ಮೊದಲು ವಾಕ್ಯವನ್ನು ಒಡೆಯಿರಿ

‘ಅಮೆರಿಕ ಚಿಲಿಯಲ್ಲಿ ಅಯೆಂದೆಯನ್ನು ಉರುಳಿಸಿತು.’ ಸಾಲ್ವಡೋರ್ ಅಯೆಂದೆ ಎಂದರೆ 1970ರ ಚುನಾವಣೆಯಲ್ಲಿ ಗೆದ್ದ ಸಮಾಜವಾದಿ ಅಧ್ಯಕ್ಷ. ಈ ಒಂದು ವಾಕ್ಯದೊಳಗೆ ಕನಿಷ್ಠ ನಾಲ್ಕು ಬೇರೆ ಬೇರೆ ಆರೋಪಗಳಿವೆ. ಒಂದೊಂದನ್ನೂ ಬೇರೆ ಹಾಳೆಯಲ್ಲಿ ಬರೆದುಕೊಳ್ಳಿ: ಚುನಾವಣೆಗೆ ಹಣ ಸುರಿಯಿತು, ಗೆದ್ದವರು ಅಧಿಕಾರಕ್ಕೆ ಬರದಂತೆ ತಡೆಯಲು ಯತ್ನಿಸಿತು, ಅಧಿಕಾರಕ್ಕೆ ಬಂದ ಮೇಲೆ ಸರ್ಕಾರದ ಕಾಲು ಕತ್ತರಿಸಿತು, 1973ರ ಸೆಪ್ಟೆಂಬರ್ 11ರ ಸೇನಾ ದಂಗೆಯನ್ನು ನಡೆಸಿತು. ಹಾಳೆಗಳು ಬೇರೆಯಾದ ಕೂಡಲೇ ಒಂದೊಂದರ ಸಾಕ್ಷ್ಯದ ತೂಕವೂ ಬೇರೆ ಎಂಬುದು ಕಾಣುತ್ತದೆ.

ಗೂಢಚಾರ ಸಂಸ್ಥೆಗಳ ತನಿಖೆಗೆ ಅಮೆರಿಕದ ಸೆನೆಟ್ ನೇಮಿಸಿದ್ದ, ಸೆನೆಟರ್ ಫ್ರಾಂಕ್ ಚರ್ಚ್ ಹೆಸರಿನ ಚರ್ಚ್ ಸಮಿತಿ 1975ರಲ್ಲಿ ಕೊಟ್ಟ ವರದಿಯನ್ನು ಕೈಯಲ್ಲಿಟ್ಟುಕೊಂಡು ನೋಡೋಣ. ಮೊದಲ ಹಾಳೆ ಗಟ್ಟಿಯಾಗಿದೆ. 1964ರ ಅಧ್ಯಕ್ಷೀಯ ಚುನಾವಣೆಯಲ್ಲಿ ಕ್ರಿಶ್ಚಿಯನ್ ಡೆಮಾಕ್ರಟಿಕ್ ಅಭ್ಯರ್ಥಿ ಎದುವಾರ್ದೊ ಫ್ರೇ ಪರವಾಗಿ ಅಮೆರಿಕದ ಗೂಢಚಾರ ಸಂಸ್ಥೆ ಸಿಐಎ 26 ಲಕ್ಷ ಡಾಲರಿಗೂ ಹೆಚ್ಚು ಖರ್ಚು ಮಾಡಿತು, ಅದು ಆತನ ಪ್ರಚಾರ ವೆಚ್ಚದ ಅರ್ಧಕ್ಕಿಂತ ಹೆಚ್ಚು. ಆದರೆ ಅದೇ ವರದಿ ಇನ್ನೊಂದು ಮಾತನ್ನೂ ಹೇಳುತ್ತದೆ: ಈ ನೆರವಿನ ವಿಷಯ ಆ ಅಭ್ಯರ್ಥಿಗೆ ತಿಳಿಸಿರಲಿಲ್ಲ. ಹಾಗಾಗಿ ‘ಸಿಐಎ ಹಣ ಸುರಿಯಿತು’ ಎಂದು ಬರೆಯಬಹುದು, ‘ಫ್ರೇ ಸಿಐಎ ಹಣ ಪಡೆದ’ ಎಂದು ಬರೆಯುವಂತಿಲ್ಲ. ಕ್ರಿಯಾಪದ ಬದಲಾದರೆ ಅಪರಾಧಿಯೇ ಬದಲಾಗುತ್ತಾನೆ.

ಎರಡನೇ ಹಾಳೆಯೂ ಗಟ್ಟಿ. 1970ರ ಸೆಪ್ಟೆಂಬರ್ 15ರಂದು ಅಧ್ಯಕ್ಷ ನಿಕ್ಸನ್ ಜೊತೆಗಿನ ಸಭೆಯಲ್ಲಿ ಸಿಐಎ ಮುಖ್ಯಸ್ಥ ರಿಚರ್ಡ್ ಹೆಲ್ಮ್ಸ್ ಕೈಬರಹದಲ್ಲಿ ಗುರುತು ಹಾಕಿಕೊಂಡ ಹಾಳೆ ಉಳಿದಿದೆ. ಒಂದು ಕೋಟಿ ಡಾಲರ್ ಲಭ್ಯ, ಬೇಕಾದರೆ ಇನ್ನೂ ಹೆಚ್ಚು, ಆರ್ಥಿಕತೆ ಚೀರುವಂತೆ ಮಾಡಬೇಕು ಎಂದು ಅದರಲ್ಲಿದೆ. ಅಕ್ಟೋಬರ್ 22ರಂದು ಸೇನಾ ಮುಖ್ಯಸ್ಥ ಜನರಲ್ ರೆನೆ ಶ್ನೈಡರ್ ಮೇಲೆ ಗುಂಡಿನ ದಾಳಿ ನಡೆಯಿತು, 25ರಂದು ಅವರು ತೀರಿಕೊಂಡರು. ಸಂವಿಧಾನ ಮೀರಲು ಒಪ್ಪದಿದ್ದುದೇ ಅವರು ಮಾಡಿದ ತಪ್ಪು. ಇಲ್ಲಿಯೂ ಎಚ್ಚರ ಬೇಕು. ಅಂದೇ ನಸುಕಿನಲ್ಲಿ ಸಿಐಎ ಮೂರು ಸಬ್‌ಮಷೀನ್ ಗನ್‌ಗಳನ್ನು ಕೊಟ್ಟದ್ದು ಒಂದು ಗುಂಪಿಗೆ. ಕೊಂದದ್ದು ಬೇರೊಂದು ಗುಂಪು ಎಂದು ಸಮಿತಿ ದಾಖಲಿಸಿತು. ಆ ಕೊಂದ ಗುಂಪಿನ ಸದಸ್ಯನೊಬ್ಬನಿಗೆ ಆಮೇಲೆ 35,000 ಡಾಲರ್ ಕೊಟ್ಟದ್ದನ್ನು ಸಿಐಎ ಒಪ್ಪಿಕೊಂಡದ್ದು 2000ದಲ್ಲಿ. ಮೂರು ಸಂಗತಿಗಳನ್ನೂ ಸೇರಿಸಿ ಬರೆದರೆ ಮಾತ್ರ ಚಿತ್ರ ಪೂರ್ಣ.

ಮೂರನೆಯದಕ್ಕೆ ಅಂಕಿಗಳಿವೆ: 1970ರಿಂದ ದಂಗೆಯವರೆಗೆ ಗುಪ್ತವಾಗಿ 80 ಲಕ್ಷ ಡಾಲರ್, ಅದರಲ್ಲಿ ‘ಎಲ್ ಮೆರ್ಕೂರಿಯೊ’ ಪತ್ರಿಕೆಗೇ 15 ಲಕ್ಷಕ್ಕೂ ಹೆಚ್ಚು. ನಾಲ್ಕನೆಯದರ ಬಗ್ಗೆ ಸಮಿತಿ, 1973ರ ದಂಗೆಯಲ್ಲಿ ಅಮೆರಿಕದ ನೇರ ಪಾತ್ರಕ್ಕೆ ಪುರಾವೆ ಸಿಗಲಿಲ್ಲ ಎಂದಿತು. ಹಾಗೆಂದು ಅಮೆರಿಕದ ಕೈ ತೊಳೆದುಹೋಗುವುದಿಲ್ಲ. ಮೂರು ಹಾಳೆಗಳ ಹೊರೆಯೇ ಸಾಕಷ್ಟಿದೆ. ನಾಲ್ಕನೆಯದನ್ನು ಉತ್ಪ್ರೇಕ್ಷಿಸಿದರೆ ಎದುರು ವಾದಿಸುವವನು ಆ ಒಂದನ್ನು ಹಿಡಿದು ಉಳಿದ ಮೂರನ್ನೂ ಸುಳ್ಳು ಮಾಡುತ್ತಾನೆ. ಇಂಥ ಬರಹಗಳು ಸೋಲುವುದು ಬಹುಪಾಲು ಇಲ್ಲೇ.

ಎರಡು ಕಾಲಂನ ದಿನಾಂಕಪಟ್ಟಿ

ಈಗ ಒಂದು ಹಾಳೆಯ ನಡುವೆ ಗೆರೆ ಎಳೆಯಿರಿ. ಎಡಗಡೆ ಹೊರಗಿನವರು ಮಾಡಿದ್ದು, ಬಲಗಡೆ ಒಳಗಿನವರು ಮಾಡಿದ್ದು. ದಿನಾಂಕದ ಕ್ರಮದಲ್ಲಿ ತುಂಬುತ್ತಾ ಹೋಗಿ. ಮೊದಲು ವರ್ಷ, ಆಮೇಲೆ ತಿಂಗಳು, ನಿರ್ಣಾಯಕ ವಾರಕ್ಕೆ ಬಂದಾಗ ದಿನ, ಸಾಧ್ಯವಾದರೆ ಗಂಟೆ.

ಇರಾನಿನ 1953ನ್ನು ಹೀಗೆ ಹಾಕಿ ನೋಡಿ. ಬಲಗಡೆ: 1951ರಲ್ಲಿ ಸಂಸತ್ತು ಬ್ರಿಟಿಷ್ ಕಂಪನಿಯ ಹಿಡಿತದಲ್ಲಿದ್ದ ತೈಲೋದ್ಯಮವನ್ನು ರಾಷ್ಟ್ರೀಕರಿಸಿತು, ಮೊಹಮ್ಮದ್ ಮೊಸಾದೆಘ್ ಪ್ರಧಾನಿಯಾದರು. ಎಡಗಡೆ: ಬ್ರಿಟನ್ ಇರಾನಿನ ತೈಲಕ್ಕೆ ಬಹಿಷ್ಕಾರ ಹಾಕಿತು. ಬಲಗಡೆ: 1952ರ ಅಕ್ಟೋಬರ್‌ನಲ್ಲಿ ಇರಾನ್ ಬ್ರಿಟನ್ ಜೊತೆಗಿನ ರಾಜತಾಂತ್ರಿಕ ಸಂಬಂಧ ಕಡಿದುಕೊಂಡಿತು, ಬ್ರಿಟಿಷ್ ರಾಯಭಾರ ಕಚೇರಿ ಮುಚ್ಚಿತು, ಜೊತೆಗೆ ಅಲ್ಲಿದ್ದ ಗೂಢಚಾರರ ನೆಲೆಯೂ ಹೋಯಿತು. ಎಡಗಡೆ: 1953ರ ಜನವರಿಯಲ್ಲಿ ವಾಷಿಂಗ್ಟನ್‌ನಲ್ಲಿ ಟ್ರೂಮನ್ ಹೋಗಿ ಐಸೆನ್‌ಹೋವರ್ ಬಂದರು, ಏಪ್ರಿಲ್‌ನಲ್ಲಿ ಮೊಸಾದೆಘ್‌ರನ್ನು ಕೆಳಗಿಳಿಸಲು ಸಿಐಎಯ ಟೆಹರಾನ್ ಘಟಕಕ್ಕೆ 10 ಲಕ್ಷ ಡಾಲರ್ ಮಂಜೂರಾಯಿತು. ಇಷ್ಟು ಸಾಲುಗಳಲ್ಲೇ ಒಂದು ಪ್ರಶ್ನೆಗೆ ಉತ್ತರ ಸಿಕ್ಕಿತು: ಬ್ರಿಟನ್ನಿನ ಜಗಳಕ್ಕೆ ಅಮೆರಿಕ ಏಕೆ ಮುಂದಾಳಾಯಿತು? ಬ್ರಿಟನ್ನಿಗೆ ಟೆಹರಾನಿನಲ್ಲಿ ಕಾಲೂರಲು ಜಾಗವೇ ಉಳಿದಿರಲಿಲ್ಲ.

ಆಗಸ್ಟ್‌ನ ಐದು ದಿನಗಳನ್ನು ದಿನವಾರು ಬಿಡಿಸಿ. 15ರ ರಾತ್ರಿ ಪ್ರಧಾನಿಯನ್ನು ವಜಾ ಮಾಡಿದ ಇರಾನಿನ ದೊರೆ ಷಾನ ಆದೇಶ ಹಿಡಿದು ಹೋದ ಕರ್ನಲ್ ನಸ್ಸೀರಿ ಬಂಧನಕ್ಕೊಳಗಾದ. ಸಂಚು ಬಯಲಾಯಿತು. 16ರಂದು ಷಾ ಬಾಗ್ದಾದಿಗೆ ಓಡಿ, ಅಲ್ಲಿಂದ ರೋಮ್ ಸೇರಿದ. 18ರಂದು ಕೆಲಸ ಕೈಬಿಡಿ ಎಂಬ ಧಾಟಿಯ ಸಂದೇಶ ಸಿಐಎ ಕೇಂದ್ರ ಕಚೇರಿಯಿಂದ ಹೊರಟಿತು. 19ರಂದು ಟೆಹರಾನಿನ ಬೀದಿಗಳಲ್ಲಿ ಗುಂಪುಗಳು ನೆರೆದವು, ಸೇನೆಯ ತುಕಡಿಗಳು ಸೇರಿಕೊಂಡವು, ಸಂಜೆಯ ಹೊತ್ತಿಗೆ ಸರ್ಕಾರ ಬಿದ್ದಿತು, ಜನರಲ್ ಜಾಹೆದಿ ಅಧಿಕಾರಕ್ಕೆ ಬಂದ. 18ರ ಸಾಲಿಗೂ 19ರ ಸಾಲಿಗೂ ನಡುವಿನ ಖಾಲಿ ಜಾಗದಲ್ಲೇ ಇತಿಹಾಸಕಾರರ ಜಗಳವಿರುವುದು: ಆ ದಿನದ ಗುಂಪುಗಳಲ್ಲಿ ಎಷ್ಟು ಪಾಲು ಅಲ್ಲಿ ಸಿಐಎ ಕಾರ್ಯಾಚರಣೆ ನಡೆಸುತ್ತಿದ್ದ ಕೆರ್ಮಿಟ್ ರೂಸ್‌ವೆಲ್ಟ್ ಮತ್ತವನ ಹಣದ್ದು, ಎಷ್ಟು ಪಾಲು ಧರ್ಮಗುರುಗಳದ್ದು ಹಾಗೂ ಸೇನೆಯೊಳಗಿನ ಷಾ ಬೆಂಬಲಿಗರದ್ದು. ಪಟ್ಟಿ ಈ ಜಗಳವನ್ನು ತೀರಿಸುವುದಿಲ್ಲ, ಅದು ಎಲ್ಲಿದೆ ಎಂದು ಬೊಟ್ಟು ಮಾಡಿ ತೋರಿಸುತ್ತದೆ. ನಿಮ್ಮ ಓದಿನ ಸಮಯದ ಮುಕ್ಕಾಲು ಪಾಲನ್ನು ಅಂಥ ಖಾಲಿ ಜಾಗಕ್ಕೇ ಕೊಡಿ.

ಪಟ್ಟಿಯನ್ನು ಘಟನೆಯ ದಿನಕ್ಕೇ ನಿಲ್ಲಿಸಬೇಡಿ. ಲಾಭ ಯಾರಿಗೆ ಹಂಚಿಹೋಯಿತು ಎಂಬ ಸಾಲೂ ಬೇಕು. 1954ರ ಒಪ್ಪಂದದಲ್ಲಿ ಇರಾನಿನ ತೈಲದ ಒಕ್ಕೂಟದಲ್ಲಿ ಹಳೆಯ ಬ್ರಿಟಿಷ್ ಕಂಪನಿಗೆ ಶೇ 40, ಅಮೆರಿಕದ ಕಂಪನಿಗಳಿಗೆ ಶೇ 40, ಶೆಲ್‌ಗೆ ಶೇ 14, ಫ್ರೆಂಚ್ ಕಂಪನಿಗೆ ಶೇ 6 ಪಾಲು ಹೋಯಿತು.

ಹಣ, ಆಯುಧ, ಸಾಲ: ಒಂದೊಂದಕ್ಕೂ ಒಂದು ಅಳತೆ

ಹಸ್ತಕ್ಷೇಪ ಎಂದರೆ ಟ್ಯಾಂಕ್ ಮಾತ್ರವಲ್ಲ. 1946ರಿಂದ 2000ದವರೆಗೆ ಅಮೆರಿಕ ಮತ್ತು ಸೋವಿಯತ್ ಒಕ್ಕೂಟ ಅಥವಾ ರಷ್ಯಾ ಬೇರೆ ದೇಶಗಳ ಚುನಾವಣೆಗಳಲ್ಲಿ ಒಂದು ಪಕ್ಷದ ಪರ ಕೈಹಾಕಿದ ಸಂದರ್ಭಗಳನ್ನು ಲೆಕ್ಕಹಾಕಿದ ರಾಜ್ಯಶಾಸ್ತ್ರಜ್ಞ ಡೋವ್ ಲೆವಿನ್‌ಗೆ ಸಿಕ್ಕವು 117: ಅಮೆರಿಕದ್ದು 81, ಸೋವಿಯತ್ ಮತ್ತು ರಷ್ಯಾದ್ದು 36. ಇವುಗಳಲ್ಲಿ ಹೆಚ್ಚಿನವು ಗುಟ್ಟಾಗಿ ನಡೆದವು.

ಹಣದ ಮೊತ್ತ ಸಿಕ್ಕಾಗ ಅದನ್ನು ಒಂಟಿಯಾಗಿ ಬರೆಯಬೇಡಿ. 26 ಲಕ್ಷ ಡಾಲರ್ ಎಂದರೆ ಓದುಗನಿಗೆ ಏನೂ ತಿಳಿಯದು. ಪ್ರಚಾರ ವೆಚ್ಚದ ಅರ್ಧಕ್ಕಿಂತ ಹೆಚ್ಚು ಎಂದರೆ ತಿಳಿಯುತ್ತದೆ. ಮಂಜೂರಾದದ್ದು, ಕಳಿಸಿದ್ದು, ತಲುಪಿದ್ದು ಮೂರೂ ಬೇರೆ. ಕಡತದಲ್ಲಿ ಯಾವುದಿದೆಯೋ ಅದನ್ನೇ ಹೇಳಿ. ಡಾಲರನ್ನು ಕಾಳಸಂತೆಯಲ್ಲಿ ಮಾರಿದರೆ ಅಧಿಕೃತ ದರಕ್ಕಿಂತ ಎಷ್ಟೋ ಪಟ್ಟು ಸ್ಥಳೀಯ ಹಣ ಸಿಗುತ್ತಿದ್ದ ಚಿಲಿಯಂಥ ಕಡೆ ಅಧಿಕೃತ ವಿನಿಮಯ ದರದಲ್ಲಿ ಲೆಕ್ಕ ಹಾಕಿದರೆ ಪರಿಣಾಮ ಕಡಿಮೆ ಕಾಣುತ್ತದೆ.

ಆಯುಧದ ವಿಷಯದಲ್ಲಿ ಎಲ್ಲರೂ ಹೋಗುವುದು ಸ್ಟಾಕ್‌ಹೋಮಿನ ಸಿಪ್ರಿ ಸಂಸ್ಥೆಯ ದತ್ತಾಂಶಕ್ಕೆ. ಬಹಳ ಒಳ್ಳೆಯ ಆಕರ, ಆದರೆ ಎರಡು ಕಡೆ ಜಾರುತ್ತಾರೆ. ಅಲ್ಲಿನ ಅಂಕಿ ಖರೀದಿಯ ಬೆಲೆಯಲ್ಲ. ಆಯುಧದ ಸಾಮರ್ಥ್ಯವನ್ನು ಅಳೆಯಲು ಸಂಸ್ಥೆಯೇ ರೂಪಿಸಿದ ಸೂಚ್ಯಂಕ. ಅದರ ಮುಂದೆ ‘ಕೋಟಿ ಡಾಲರ್ ಕೊಟ್ಟು ಕೊಂಡರು’ ಎಂದು ಬರೆದರೆ ತಪ್ಪು. ಎರಡನೆಯದು, ಅದು ವಿಮಾನ, ಟ್ಯಾಂಕ್, ಕ್ಷಿಪಣಿ, ಹಡಗುಗಳಂಥ ದೊಡ್ಡ ಆಯುಧಗಳ ಪಟ್ಟಿ. ಪರರಾಷ್ಟ್ರ ಸಾಕಿದ ಬಂಡುಕೋರರು ಹೋರಾಡುವುದು ಬಹುಪಾಲು ಬಂದೂಕಿನಲ್ಲಿ. ಆ ಸಾಲು ಖಾಲಿ ಇದೆ ಎಂದರೆ ಆಯುಧವೇ ಹೋಗಲಿಲ್ಲ ಎಂದರ್ಥವಲ್ಲ.

ಸಾಲದ ಒತ್ತಡವನ್ನು ಹಿಡಿಯಲು ಮತದ ಪಾಲು ನೋಡಿ. ಅಂತರರಾಷ್ಟ್ರೀಯ ಹಣಕಾಸು ನಿಧಿಯಲ್ಲಿ (ಐಎಂಎಫ್) ಅಮೆರಿಕದ ಮತ ಸುಮಾರು ಶೇ 16.5. ಕೋಟಾ, ಅಂದರೆ ಒಂದೊಂದು ದೇಶದ ಬಂಡವಾಳದ ಪಾಲು, ಬದಲಿಸುವಂಥ ದೊಡ್ಡ ತೀರ್ಮಾನಗಳಿಗೆ ಶೇ 85 ಮತ ಬೇಕು; ಅಂದರೆ ಅದೊಂದೇ ದೇಶ ಅಂಥದ್ದನ್ನು ತಡೆಯಬಲ್ಲದು. ಆದರೆ ಸಾಮಾನ್ಯ ಸಾಲದ ಮಂಜೂರಾತಿಗೆ ಶೇ 85 ಬೇಡ. ಅಲ್ಲಿರುವುದು ಪ್ರಭಾವ, ವಿಟೊ ಅಲ್ಲ. ಈ ಒತ್ತಡ ಬಲಿಷ್ಠರ ಮೇಲೂ ಬೀಳುತ್ತದೆ. 1956ರಲ್ಲಿ ಈಜಿಪ್ಟಿನ ಸೂಯೆಜ್ ಕಾಲುವೆಯ ಮೇಲೆ ದಾಳಿ ಮಾಡಿದ ಬ್ರಿಟನ್ ಕದನವಿರಾಮಕ್ಕೆ ಒಪ್ಪುವಂತೆ ಮಾಡಿದ ಕಾರಣಗಳಲ್ಲಿ ಪೌಂಡ್ ಕುಸಿಯುತ್ತಿದ್ದಾಗ ಅಮೆರಿಕ ಐಎಂಎಫ್ ನೆರವಿಗೆ ಅಡ್ಡ ನಿಂತದ್ದೂ ಮುಖ್ಯವಾದದ್ದು.

‘ಅವರೇ ನಮ್ಮನ್ನು ಕರೆದರು’

ಪಡೆ ಗಡಿ ದಾಟಿದಾಗ ಬರುವ ಸಮರ್ಥನೆಗಳಲ್ಲಿ ಇದು ಅತಿ ಸಾಮಾನ್ಯ. ಇದನ್ನು ಸುಮ್ಮನೆ ತಳ್ಳಿಹಾಕಬಾರದು, ಏಕೆಂದರೆ ಅಧಿಕಾರದಲ್ಲಿರುವ ಸರ್ಕಾರ ನಿಜವಾಗಿ ಕರೆದಿದ್ದರೆ ಅದು ಕಾನೂನಿನ ಪ್ರಕಾರ ಬೇರೆಯೇ ಸಂಗತಿ. ಪರೀಕ್ಷೆ ಹೀಗೆ: ಪತ್ರಕ್ಕೆ ಸಹಿ ಹಾಕಿದವರು ಯಾರು, ಅಂದು ಅವರ ಹುದ್ದೆ ಏನು; ಆ ಹುದ್ದೆಗೆ ವಿದೇಶಿ ಸೇನೆಯನ್ನು ಕರೆಸುವ ಅಧಿಕಾರ ಅಲ್ಲಿನ ಸಂವಿಧಾನದಲ್ಲಿ ಇದೆಯೇ; ಸಹಿ ಬಿದ್ದದ್ದು ಪಡೆ ಹೊರಡುವ ಮೊದಲೋ ಆಮೇಲೋ; ಕರೆದವರು ಏನು ಕೇಳಿದರು, ಬಂದವರು ಏನು ಮಾಡಿದರು.

ಪ್ರಾಗ್, 1968ರ ಆಗಸ್ಟ್. 20ರ ರಾತ್ರಿ ಸೋವಿಯತ್ ನೇತೃತ್ವದ ವಾರ್ಸಾ ಒಪ್ಪಂದದ ಪಡೆಗಳು ಜೆಕೊಸ್ಲೊವಾಕಿಯಾಕ್ಕೆ ನುಗ್ಗಿದವು. ದೇಶದ ಪಕ್ಷ ಮತ್ತು ಸರ್ಕಾರದ ನಾಯಕರೇ ನೆರವು ಕೇಳಿದರು ಎಂದು 21ರಂದು ತಾಸ್ ಸುದ್ದಿಸಂಸ್ಥೆ ಸಾರಿತು, ಹೆಸರು ಹೇಳಲಿಲ್ಲ. ಅದೇ ರಾತ್ರಿ ಅಲ್ಲಿನ ಪಕ್ಷದ ಅಧ್ಯಕ್ಷ ಮಂಡಳಿ, ರಾಷ್ಟ್ರಾಧ್ಯಕ್ಷರಿಗಾಗಲಿ ಪ್ರಧಾನಿಗಾಗಲಿ ಪಕ್ಷದ ಮೊದಲ ಕಾರ್ಯದರ್ಶಿಗಾಗಲಿ ತಿಳಿಯದೆಯೇ ಪಡೆಗಳು ಬಂದಿವೆ ಎಂದು ಹೇಳಿಕೆ ಕೊಟ್ಟಿತ್ತು. ಕರೆದವರು ಯಾರು ಎಂಬುದು ಹೊರಬರಲು 24 ವರ್ಷ ಹಿಡಿಯಿತು. 1992ರಲ್ಲಿ ರಷ್ಯಾದ ಅಧ್ಯಕ್ಷ ಯೆಲ್ಟ್ಸಿನ್ ಆ ಪತ್ರದ ಪ್ರತಿಯನ್ನು ಜೆಕೊಸ್ಲೊವಾಕಿಯಾದ ಅಧ್ಯಕ್ಷ ವಾಕ್ಲಾವ್ ಹಾವೆಲ್‌ಗೆ ಒಪ್ಪಿಸಿದರು. ವಾಸಿಲ್ ಬಿಲಾಕ್, ಅಲೋಯಿಸ್ ಇಂದ್ರಾ ಸೇರಿ ಐವರು ಕಟ್ಟರ್‌ಪಂಥಿಗಳ ಸಹಿ, ಭಾಷೆ ರಷ್ಯನ್, ಸೋವಿಯತ್ ನಾಯಕ ಬ್ರೆಜ್ನೆವ್‌ಗೆ ಬ್ರಾತಿಸ್ಲಾವಾದಲ್ಲಿ ಗುಟ್ಟಾಗಿ ತಲುಪಿಸಿದ್ದು. ಆ ಐವರೂ ಪಕ್ಷದ ದೊಡ್ಡ ನಾಯಕರೇ, ಆದರೆ ಸರ್ಕಾರದ ಪರವಾಗಿ ಕರೆಯುವ ಅಧಿಕಾರ ಅವರಿಗಿರಲಿಲ್ಲ. ಮೊದಲ ಪ್ರಶ್ನೆಯಲ್ಲೇ ಪತ್ರ ಬಿದ್ದುಹೋಗುತ್ತದೆ.

ಕಾಬೂಲ್ 1979 ಇನ್ನೂ ಕ್ರೂರ. ಅಫ್ಗಾನ್ ಸರ್ಕಾರ ಸೋವಿಯತ್ ಪಡೆಗಳನ್ನು ಹಲವು ಸಲ ಕೇಳಿದ್ದು ನಿಜ. ಡಿಸೆಂಬರ್‌ನಲ್ಲಿ ಬಂದ ಪಡೆ 27ರಂದು ತಾಜ್‌ಬೆಗ್ ಅರಮನೆಗೆ ನುಗ್ಗಿ, ಆ ಸರ್ಕಾರದ ಮುಖ್ಯಸ್ಥ ಹಫೀಜುಲ್ಲಾ ಅಮೀನನನ್ನೇ ಕೊಂದಿತು. ಹೊಸ ನಾಯಕ ಬಬ್ರಾಕ್ ಕಾರ್ಮಲ್‌ನ ಘೋಷಣೆ ಪ್ರಸಾರವಾದದ್ದು ಸೋವಿಯತ್ ನೆಲದಿಂದ. ಕರೆದವನನ್ನೇ ಕೊಂದ ಮೇಲೆ ಕರೆಗೆ ಬೆಲೆಯೇನು ಉಳಿಯಿತು?

2014ರ ಮಾರ್ಚ್ 3ರಂದು ರಷ್ಯಾದ ರಾಯಭಾರಿ ಚುರ್ಕಿನ್ ಭದ್ರತಾ ಮಂಡಳಿಯಲ್ಲಿ ಎತ್ತಿ ತೋರಿಸಿದ, ರಷ್ಯಾದ ಸೇನೆಯನ್ನು ಕರೆಯುವ ಉಕ್ರೇನ್ ಅಧ್ಯಕ್ಷ ಯಾನುಕೋವಿಚ್ ಪತ್ರವನ್ನು ಎರಡನೇ ಪ್ರಶ್ನೆಗೆ ಒಡ್ಡಿ. ಸಹಿ ಹಾಕಿದವರು ಆಗಲೇ ಕೀವ್ ಬಿಟ್ಟು ಓಡಿದ್ದರು. ಅಲ್ಲದೆ ಉಕ್ರೇನ್ ಸಂವಿಧಾನದ 85ನೇ ವಿಧಿ ವಿದೇಶಿ ಪಡೆಗಳ ಪ್ರವೇಶಕ್ಕೆ ಒಪ್ಪಿಗೆ ಕೊಡುವ ಅಧಿಕಾರವನ್ನು ಸಂಸತ್ತಿಗೆ ಕೊಟ್ಟಿದೆ. ಪನಾಮಾದಲ್ಲಿ 1989ರ ಡಿಸೆಂಬರ್ 20ರಂದು ಅಮೆರಿಕ ದಾಳಿ ಮಾಡಿದಾಗ ಗಿಯೆರ್ಮೊ ಎಂದಾರಾ ಅಧ್ಯಕ್ಷರಾಗಿ ಪ್ರಮಾಣ ಮಾಡಿದ್ದು ಅಮೆರಿಕದ ಸೇನಾ ನೆಲೆಯಲ್ಲಿ. ಆತ ಆ ವರ್ಷದ ಮೇ ಚುನಾವಣೆಯಲ್ಲಿ ಗೆಲುವಿನತ್ತ ಇದ್ದವರು, ದೇಶವನ್ನು ಆಳುತ್ತಿದ್ದ ಸೇನಾ ಮುಖ್ಯಸ್ಥ ನೊರಿಯೆಗಾ ಆ ಚುನಾವಣೆಯನ್ನೇ ರದ್ದು ಮಾಡಿದ್ದ ಎಂಬುದನ್ನೂ ಪಕ್ಕದಲ್ಲಿ ಬರೆಯಬೇಕು. ಯಾವ ಬಣದವರು ಮಾಡಿದರೂ ಅದೇ ಪ್ರಶ್ನೆಗಳನ್ನು ಅದೇ ಕ್ರಮದಲ್ಲಿ ಕೇಳಿದರೆ ಮಾತ್ರ ನಿಮ್ಮ ಬರಹವನ್ನು ಜನ ನಂಬುತ್ತಾರೆ.

ಕಾನೂನಿನ ಸಾಲುಗಳು

ವಿಶ್ವಸಂಸ್ಥೆಯ ಸನ್ನದಿನ ಪರಿಚ್ಛೇದ 2(7) ಅನ್ನು ಇಂಥ ಬರಹಗಳಲ್ಲಿ ಮತ್ತೆ ಮತ್ತೆ ತಪ್ಪಾಗಿ ಎಳೆದು ತರುತ್ತಾರೆ. ಆಂತರಿಕ ವಿಷಯದಲ್ಲಿ ತಲೆಹಾಕಬಾರದು ಎಂದು ಅದು ಹೇಳುವುದು ವಿಶ್ವಸಂಸ್ಥೆಗೆ, ದೇಶಗಳಿಗಲ್ಲ. ದೇಶಗಳನ್ನು ಕಟ್ಟಿಹಾಕುವುದು ಬಲಪ್ರಯೋಗವನ್ನು ನಿಷೇಧಿಸುವ 2(4) ಮತ್ತು ವಾಡಿಕೆಯ ಅಂತರರಾಷ್ಟ್ರೀಯ ಕಾನೂನು. 1970ರ ಮಹಾಸಭೆಯ ನಿರ್ಣಯ 2625 ಆ ವಾಡಿಕೆಯನ್ನು ಅಕ್ಷರಕ್ಕೆ ಇಳಿಸಿತು.

ಒಂದೇ ಒಂದು ತೀರ್ಪು ಓದುವಷ್ಟು ಸಮಯವಿದ್ದರೆ ನಿಕರಾಗುವಾ ಪ್ರಕರಣದ್ದನ್ನು ಓದಿ. ಅಂತರರಾಷ್ಟ್ರೀಯ ನ್ಯಾಯಾಲಯ ಅದನ್ನು ಕೊಟ್ಟದ್ದು 1986ರ ಜೂನ್ 27ರಂದು. ಅಲ್ಲಿ ಮೆಟ್ಟಿಲುಗಳು ಸ್ಪಷ್ಟ. ನಿಕರಾಗುವಾ ಸರ್ಕಾರದ ವಿರುದ್ಧ ಹೋರಾಡುತ್ತಿದ್ದ ಕಾಂಟ್ರಾ ಬಂಡುಕೋರರಿಗೆ ಅಮೆರಿಕ ಆಯುಧ, ತರಬೇತಿ ಕೊಟ್ಟದ್ದು ಬಲಪ್ರಯೋಗ ನಿಷೇಧದ ಉಲ್ಲಂಘನೆ. ಬರೀ ಹಣ ಕೊಟ್ಟದ್ದು ಬಲಪ್ರಯೋಗವಲ್ಲ, ಆದರೆ ಹಸ್ತಕ್ಷೇಪ ಹೌದು. ಬಂದರುಗಳಲ್ಲಿ ಸಿಡಿಗುಂಡು ಇರಿಸಿದ್ದಕ್ಕೆ ಅಮೆರಿಕವೇ ಹೊಣೆ. ಆದರೆ ಕಾಂಟ್ರಾಗಳು ನಡೆಸಿದ ಪ್ರತಿ ಹಿಂಸಾಚಾರಕ್ಕೂ ಅಮೆರಿಕವನ್ನು ಹೊಣೆಯಾಗಿಸಲು ‘ಪರಿಣಾಮಕಾರಿ ನಿಯಂತ್ರಣ’ ಸಾಬೀತಾಗಬೇಕಿತ್ತು, ಆಗಲಿಲ್ಲ. ನೆರವು ನಿಲ್ಲಿಸುವುದು, ವ್ಯಾಪಾರ ನಿರ್ಬಂಧ ಹೇರುವುದು ವಾಡಿಕೆಯ ಹಸ್ತಕ್ಷೇಪ ನಿಷೇಧವನ್ನು ಮುರಿಯಿತು ಎಂದು ನ್ಯಾಯಾಲಯ ಒಪ್ಪಲಿಲ್ಲ. ನಿರ್ಬಂಧ ತಪ್ಪಾದದ್ದು ಎರಡು ದೇಶಗಳ ನಡುವೆ 1956ರಲ್ಲಿ ಆಗಿದ್ದ ಒಪ್ಪಂದದ ಪ್ರಕಾರ. ‘ಕೈಗೊಂಬೆ’ ಎಂಬ ಪದ ಬರೆಯಲು ಪೆನ್ನು ಎತ್ತಿದಾಗಲೆಲ್ಲ ಆ ನಿಯಂತ್ರಣದ ಅಳತೆಯನ್ನು ನೆನೆಯಿರಿ: ಹಣ ಕೊಟ್ಟವನು ಯಜಮಾನ ಎಂದು ತಾನಾಗಿಯೇ ಆಗುವುದಿಲ್ಲ.

ಭದ್ರತಾ ಮಂಡಳಿಯ ಅನುಮತಿ ಇದ್ದಾಗ ನಿರ್ಣಯದ ಪಠ್ಯವನ್ನೇ ತೆಗೆದು ಓದಿ. ಲಿಬಿಯಾ ಕುರಿತ 1973ನೇ ನಿರ್ಣಯ (ಅದು ನಿರ್ಣಯದ ಸಂಖ್ಯೆ, ಇಸವಿಯಲ್ಲ) 2011ರ ಮಾರ್ಚ್ 17ರಂದು 10 ಮತಗಳಿಂದ ಅಂಗೀಕಾರವಾಯಿತು; ಭಾರತ, ಚೀನಾ, ರಷ್ಯಾ, ಜರ್ಮನಿ, ಬ್ರೆಜಿಲ್ ಮತ ಹಾಕದೆ ಉಳಿದವು. ಅದರ 4ನೇ ಪ್ಯಾರಾ ನಾಗರಿಕರ ರಕ್ಷಣೆಗೆ ಅಗತ್ಯವಾದ ಎಲ್ಲ ಕ್ರಮಗಳಿಗೂ ಅನುಮತಿ ಕೊಟ್ಟಿತು, ವಿದೇಶಿ ಪಡೆ ಲಿಬಿಯಾದ ನೆಲವನ್ನು ವಶಪಡಿಸಿಕೊಂಡು ಕೂರುವುದನ್ನು ಹೊರಗಿಟ್ಟಿತು. ಸರ್ಕಾರ ಬದಲಿಸಿ ಎಂದು ಎಲ್ಲೂ ಹೇಳಲಿಲ್ಲ. ಅಕ್ಟೋಬರ್ 20ರಂದು ಗಡಾಫಿ ಹತ್ಯೆಯಾಯಿತು, 31ಕ್ಕೆ ನೇಟೊ ಕಾರ್ಯಾಚರಣೆ ಮುಗಿಯಿತು. ನಾಗರಿಕರನ್ನು ಕಾಯಲು ಹೊರಟದ್ದು ಸರ್ಕಾರ ಬದಲಿಸುವ ನೀತಿಯಾಗಿ ಜಾರಿತು ಎಂದು 2016ರಲ್ಲಿ ಹೇಳಿದ್ದು ಬ್ರಿಟನ್ ಸಂಸತ್ತಿನದೇ ವಿದೇಶಾಂಗ ಸಮಿತಿ. ಪಠ್ಯ ಒಂದು ಕೈಯಲ್ಲಿ, ದಿನಾಂಕಪಟ್ಟಿ ಇನ್ನೊಂದು ಕೈಯಲ್ಲಿ ಇದ್ದರೆ ಆ ಜಾರುವಿಕೆ ಯಾವ ವಾರ ಶುರುವಾಯಿತು ಎಂದು ಹುಡುಕಬಹುದು.

ಕಡತ ಹುಡುಕುವುದು, ಓದುವುದು

ಅಮೆರಿಕದ ವಿದೇಶಾಂಗ ಇಲಾಖೆ ಹೊರತರುವ ರಾಜತಾಂತ್ರಿಕ ದಾಖಲೆಗಳ ಸಂಪುಟಗಳು, ಸಿಐಎಯ ಬಹಿರಂಗ ಕಡತಗಳ ಓದುಕೋಣೆ, ಲಂಡನ್ನಿನ ಕ್ಯೂ ಎಂಬಲ್ಲಿರುವ ಬ್ರಿಟಿಷ್ ರಾಷ್ಟ್ರೀಯ ಪತ್ರಾಗಾರ, ಸೋವಿಯತ್ ಮತ್ತು ಪೂರ್ವ ಯುರೋಪಿನ ಕಡತಗಳಿಗೆ ವಿಲ್ಸನ್ ಕೇಂದ್ರದ ಡಿಜಿಟಲ್ ಸಂಗ್ರಹ, ಭದ್ರತಾ ಮಂಡಳಿಯ ಚರ್ಚೆಗಳಿಗೆ ವಿಶ್ವಸಂಸ್ಥೆಯ ಡಿಜಿಟಲ್ ಗ್ರಂಥಾಲಯ. ಶುರುಮಾಡಲು ಇಷ್ಟು ಸಾಕು, ಬಹುಪಾಲು ಉಚಿತ.

ಕಡತ ಕೈಗೆ ಬಂದಾಗ ಮೊದಲು ನೋಡಬೇಕಾದದ್ದು ಅದರ ಜಾತಿ. ಕೆಳ ಅಧಿಕಾರಿಯ ಸಲಹೆಯೇ, ಚರ್ಚೆಯ ಟಿಪ್ಪಣಿಯೇ, ಮೇಲಿನವರ ಸಹಿ ಬಿದ್ದ ಆದೇಶವೇ, ಕೆಲಸ ಮುಗಿದ ಮೇಲಿನ ವರದಿಯೇ? ಯೋಜನೆಯ ಕರಡನ್ನು ತಂದು ‘ಹೀಗೆ ಮಾಡಿದರು’ ಎಂದು ಬರೆಯುವುದು ಈ ಕ್ಷೇತ್ರದ ಅತಿ ಸಾಮಾನ್ಯ ತಪ್ಪು. ಗೂಢಚಾರ ಸಂಸ್ಥೆಗಳು ಯೋಚಿಸಿ ಕೈಬಿಟ್ಟದ್ದು ಮಾಡಿದ್ದಕ್ಕಿಂತ ಎಷ್ಟೋ ಹೆಚ್ಚು. ಕೆಲಸ ಮುಗಿದ ಮೇಲೆ ಬರೆದ ವರದಿಯಲ್ಲಿ ಇನ್ನೊಂದು ಅಪಾಯ: ಬರೆಯುವ ಅಧಿಕಾರಿಗೆ ಗೆಲುವಿನ ಪಾಲು ತನ್ನದೆಂದು ತೋರಿಸುವ ಆಸೆ ಇರುತ್ತದೆ.

ಇಲ್ಲದ ಕಡತವೂ ಮಾತಾಡುತ್ತದೆ. ಇರಾನ್ ಕುರಿತ ಅಮೆರಿಕದ ಸಂಪುಟ 1989ರಲ್ಲಿ ಹೊರಬಂದಾಗ ಅದರಲ್ಲಿ 1953ರ ಸಂಚಿನಲ್ಲಿ ಸಿಐಎಗಿದ್ದ ಪಾತ್ರದ ಸುಳಿವೇ ಇರಲಿಲ್ಲ. ಇತಿಹಾಸಕಾರರು ಎದ್ದುನಿಂತರು; ದಾಖಲೆ ಸಮಗ್ರವಾಗಿ, ನಿಖರವಾಗಿ ಇರಬೇಕೆಂದು 1991ರಲ್ಲಿ ಕಾನೂನೇ ಬಂತು; ಬಿಟ್ಟುಹೋದದ್ದನ್ನು ತುಂಬುವ ಸಂಪುಟ ಕೊನೆಗೂ ಬಂದದ್ದು 2017ರಲ್ಲಿ. ಅಷ್ಟರೊಳಗೆ ಸಿಐಎ ಆ ಕಾರ್ಯಾಚರಣೆಯ ಅನೇಕ ಕಡತಗಳನ್ನು 1960ರ ದಶಕದಲ್ಲೇ ನಾಶ ಮಾಡಿತ್ತು.

ಒಂದು ಕಡೆ ಸುಟ್ಟದ್ದು ಇನ್ನೊಂದು ಕಡೆ ಉಳಿದಿರಬಹುದು. 1956ರ ಅಕ್ಟೋಬರ್‌ನಲ್ಲಿ ಪ್ಯಾರಿಸ್ ಬಳಿಯ ಸೆವ್ರ್ ಎಂಬಲ್ಲಿ ಬ್ರಿಟನ್, ಫ್ರಾನ್ಸ್, ಇಸ್ರೇಲ್ ಕೂತು ಈಜಿಪ್ಟ್ ಮೇಲಿನ ದಾಳಿಯ ಒಪ್ಪಂದಕ್ಕೆ ಸಹಿ ಹಾಕಿದವು: ಇಸ್ರೇಲ್ ಮೊದಲು ನುಗ್ಗುವುದು, ಆಮೇಲೆ ಉಳಿದಿಬ್ಬರು ‘ಜಗಳ ಬಿಡಿಸಲು’ ಬರುವುದು. ಪ್ರತಿಗಳು ಮೂರು. ಬ್ರಿಟನ್ ಪ್ರಧಾನಿ ಈಡನ್ ತಮ್ಮ ಪ್ರತಿಯನ್ನು ನಾಶ ಮಾಡಿಸಿದ್ದಷ್ಟೇ ಅಲ್ಲ, ಉಳಿದವನ್ನೂ ನಾಶ ಮಾಡಿಸಲು ಅಧಿಕಾರಿಗಳನ್ನು ಪ್ಯಾರಿಸ್ಸಿಗೆ ಓಡಿಸಿದರು. ಡಿಸೆಂಬರ್‌ನಲ್ಲಿ ಸಂಸತ್ತಿನ ಮುಂದೆ, ಇಸ್ರೇಲ್ ದಾಳಿ ಮಾಡುತ್ತದೆಂದು ಮುಂಚೆ ಗೊತ್ತಿರಲಿಲ್ಲ ಎಂದೂ ಹೇಳಿದರು. ಇಸ್ರೇಲಿನ ಪ್ರತಿ ಮಾತ್ರ ಬೆನ್ ಗುರಿಯನ್ ಜೊತೆ ಹೋಗಿತ್ತು. ಹಾಗಾಗಿ ಗುಟ್ಟಿನಲ್ಲಿ ಎಷ್ಟು ದೇಶಗಳು ಪಾಲುದಾರರೋ ಅಷ್ಟೂ ದೇಶಗಳ ಪತ್ರಾಗಾರದ ಪಟ್ಟಿ ಮಾಡಿ, ಮುಚ್ಚಿಡಲು ಅತಿ ಕಡಿಮೆ ಕಾರಣವಿದ್ದವರಿಂದ ಹುಡುಕಾಟ ಶುರುಮಾಡಿ.

ಕಾಗೆ ಕೂತದ್ದು, ಕೊಂಬೆ ಮುರಿದದ್ದು

ಹೊರಗಿನವರು ಕೈಹಾಕಿದ್ದು ಸಾಬೀತಾಯಿತು. ಸರ್ಕಾರ ಬಿದ್ದದ್ದೂ ನಿಜ. ಮೊದಲನೆಯದರಿಂದಲೇ ಎರಡನೆಯದಾಯಿತೇ? ಇಲ್ಲಿ ಬಲಗಡೆಯ ಕಾಲಂ ಮತ್ತೆ ಕೆಲಸಕ್ಕೆ ಬರುತ್ತದೆ. ಹೊರಗಿನ ಶಕ್ತಿ ಶೂನ್ಯದಲ್ಲಿ ಕೆಲಸ ಮಾಡುವುದಿಲ್ಲ. ಒಳಗೆ ಬಿರುಕು ಬೇಕು, ಆ ಬಿರುಕಿಗೆ ಸ್ಥಳೀಯರ ಹೆಸರುಗಳಿರುತ್ತವೆ.

ಗ್ವಾಟೆಮಾಲಾ, 1954. ಸಿಐಎ ಬೆಂಬಲದ ಬಂಡುಕೋರ ನಾಯಕ ಕಾಸ್ತಿಯೊ ಅರ್ಮಾಸ್‌ನ ಪಡೆ ಜೂನ್ 18ರಂದು ಗಡಿ ದಾಟಿದಾಗ ಅದರಲ್ಲಿದ್ದವರು ಸುಮಾರು 500 ಮಂದಿ. ಯಾವ ಸೇನೆಯಾದರೂ ಹಿಮ್ಮೆಟ್ಟಿಸಬಹುದಾಗಿದ್ದ ಸಂಖ್ಯೆ. ಆದರೂ 27ರಂದು ಅಧ್ಯಕ್ಷ ಹಾಕೊಬೊ ಅರ್ಬೆನ್ಸ್ ರಾಜೀನಾಮೆ ಕೊಟ್ಟರು. ಕೆಲಸ ಮಾಡಿದ್ದು ಆ 500 ಮಂದಿಯಲ್ಲ. ಮೇ 1ರಿಂದ ಪ್ರಸಾರ ಶುರುಮಾಡಿದ ಸಿಐಎಯ ಗುಪ್ತ ರೇಡಿಯೊ, ರಾಜಧಾನಿಯ ಮೇಲೆ ಹಾರಿದ ಕೆಲವೇ ವಿಮಾನಗಳು, ಇವುಗಳನ್ನು ಕಂಡು ಮುಂದೆ ಅಮೆರಿಕದ ಸೇನೆಯೇ ಬರಲಿದೆ ಎಂದು ಹೆದರಿದ ಸೇನಾಧಿಕಾರಿಗಳು. ಅವರು ಹೋರಾಡಲು ಒಪ್ಪಲಿಲ್ಲ. ಕೈವಾಡ ನಿಜ, ನಿರ್ಣಾಯಕವೂ ಹೌದು, ಆದರೆ ಅದು ನಡೆದದ್ದು ಅಧಿಕಾರಿಗಳ ಭಯದ ಮೂಲಕ. ಈ ನಡುವಿನ ಕೊಂಡಿಯನ್ನು ಬರೆಯದೆ ಬಿಟ್ಟರೆ ‘ಸಿಐಎ ಮನಸ್ಸು ಮಾಡಿದರೆ ಸಾಕು’ ಎಂಬ ದಂತಕಥೆಗೆ ನೀರೆರೆದಂತೆ.

ಉದ್ದೇಶವನ್ನೂ ಹೀಗೆಯೇ ಪರೀಕ್ಷಿಸಿ. ‘ಬಾಳೆಹಣ್ಣಿನ ಕಂಪನಿಗಾಗಿ ಮಾಡಿದ ದಂಗೆ’ ಎಂಬ ವಿವರಣೆಗೆ ಆಧಾರವಿದೆ: ಭೂಸುಧಾರಣೆಯಲ್ಲಿ ಯುನೈಟೆಡ್ ಫ್ರೂಟ್ ಕಂಪನಿಯ ಪಾಳು ಜಮೀನು ಹೋಯಿತು, ಕಂಪನಿ ತೆರಿಗೆಗೆಂದು ತಾನೇ ತೋರಿಸಿದ್ದ ಬೆಲೆಯ ಮೇಲೆ ಸರ್ಕಾರ ಸುಮಾರು 6.27 ಲಕ್ಷ ಡಾಲರ್ ಕೊಡಲು ಬಂದರೆ, ಕಂಪನಿಯ ಪರವಾಗಿ ಅಮೆರಿಕ ಕೇಳಿದ್ದು 1.58 ಕೋಟಿ. ಆದರೆ ಅರ್ಬೆನ್ಸ್ ಬಿದ್ದ ಕೆಲವೇ ದಿನಗಳಲ್ಲಿ, 1954ರ ಜುಲೈನಲ್ಲಿ, ಅದೇ ಅಮೆರಿಕದ ಸರ್ಕಾರ ಅದೇ ಕಂಪನಿಯ ಮೇಲೆ ಏಕಸ್ವಾಮ್ಯದ ಮೊಕದ್ದಮೆ ಹೂಡಿತು. ಕಂಪನಿಯೇ ಎಲ್ಲಕ್ಕೂ ಕಾರಣವಾಗಿದ್ದರೆ ಇದನ್ನು ಹೇಗೆ ವಿವರಿಸುತ್ತೀರಿ? ಕಮ್ಯುನಿಸಂನ ಭಯ, ಕಂಪನಿಯ ಒತ್ತಡ ಎರಡನ್ನೂ ಬರೆದು, ಯಾವ ಕಡತದಲ್ಲಿ ಯಾವುದು ಎಷ್ಟಿದೆ ಎಂದು ತೋರಿಸುವುದೇ ಸರಿ. ನಿಮ್ಮ ವಿವರಣೆಗೆ ಒಗ್ಗದ ಒಂದು ಸಂಗತಿಯನ್ನಾದರೂ ಹುಡುಕಿ ಪಟ್ಟಿಗೆ ಸೇರಿಸದೆ ಬರೆಯಲು ಕೂರಬೇಡಿ.

ಬರೆಯಲು ಕೂತಾಗ

ಪ್ರತಿ ವಾಕ್ಯದ ಕ್ರಿಯಾಪದದ ಕೆಳಗೆ ಗೆರೆ ಎಳೆಯಿರಿ. ಬಯಸಿತು, ಯೋಜಿಸಿತು, ಹಣ ಕೊಟ್ಟಿತು, ಆಯುಧ ಕೊಟ್ಟಿತು, ಆದೇಶಿಸಿತು, ಮಾಡಿತು: ಇವು ಬೇರೆ ಬೇರೆ ಮೆಟ್ಟಿಲುಗಳು. ಕಡತ ಯಾವ ಮೆಟ್ಟಿಲಲ್ಲಿದೆಯೋ ವಾಕ್ಯವೂ ಅಲ್ಲೇ ನಿಲ್ಲಬೇಕು. ಕರ್ತೃಪದವನ್ನೂ ಹಾಗೆಯೇ ನೋಡಿ. ‘ಪಶ್ಚಿಮ’, ‘ಸಾಮ್ರಾಜ್ಯಶಾಹಿ’, ‘ಮಾಸ್ಕೋ’ ಎಂಬುವು ಯಾವ ಕಾಗದಕ್ಕೂ ಸಹಿ ಹಾಕುವುದಿಲ್ಲ. ಒಂದು ಇಲಾಖೆ, ಒಬ್ಬ ಅಧಿಕಾರಿ ಹಾಕುತ್ತಾರೆ. ಎಷ್ಟೋ ಸಲ ಒಂದೇ ಸರ್ಕಾರದ ರಾಯಭಾರ ಕಚೇರಿ ಮತ್ತು ಗೂಢಚಾರ ಸಂಸ್ಥೆ ಎರಡು ದಿಕ್ಕಿಗೆ ಎಳೆಯುತ್ತಿರುತ್ತವೆ.

ಕಾಂಗೋದ ಪ್ಯಾಟ್ರಿಸ್ ಲುಮುಂಬಾ ಹತ್ಯೆಯ ಬಗ್ಗೆ ಒಂದೇ ಪ್ಯಾರಾ ಬರೆಯಬೇಕಿದ್ದರೆ ಅದು ಹೀಗಿರಬಹುದು: ‘1960ರ ಜೂನ್ 30ರಂದು ಸ್ವತಂತ್ರವಾದ ಕಾಂಗೋದ ಮೊದಲ ಪ್ರಧಾನಿ ಲುಮುಂಬಾರನ್ನು 1961ರ ಜನವರಿ 17ರಂದು, ಕಾಂಗೋದಿಂದ ಬೇರೆಯಾದೆನೆಂದು ಘೋಷಿಸಿಕೊಂಡಿದ್ದ ಕಟಾಂಗಾ ಪ್ರಾಂತ್ಯದಲ್ಲಿ ಗುಂಡಿಟ್ಟು ಕೊಲ್ಲಲಾಯಿತು. ಸಿಐಎ ಅವರಿಗೆ ವಿಷವಿಡಲು ಸಂಚು ಹೂಡಿ ವಿಷವನ್ನು ಕಾಂಗೋಗೆ ಕಳಿಸಿತ್ತು. ಆದರೆ ಅವರ ಸಾವಿನಲ್ಲಿ ಅದರ ಕೈ ಇತ್ತು ಎನ್ನಲು 1975ರ ಚರ್ಚ್ ಸಮಿತಿಗೆ ಪುರಾವೆ ಸಿಗಲಿಲ್ಲ. ಕೊಂದವರು ಕಟಾಂಗಾದ ಅಧಿಕಾರಿಗಳು, ಸ್ಥಳದಲ್ಲಿ ಬೆಲ್ಜಿಯಂನ ಅಧಿಕಾರಿಗಳೂ ಇದ್ದರು. ಬೆಲ್ಜಿಯಂನ ಕೆಲವು ಸಚಿವರಿಗೂ ಇತರರಿಗೂ ಈ ಸಾವಿನಲ್ಲಿ ನೈತಿಕ ಹೊಣೆಯಿದೆ ಎಂದು ಆ ದೇಶದ ಸಂಸದೀಯ ಆಯೋಗ 2001ರಲ್ಲಿ ಹೇಳಿತು, 2002ರಲ್ಲಿ ಬೆಲ್ಜಿಯಂ ಸರ್ಕಾರ ಕ್ಷಮೆ ಕೇಳಿತು.’ ಮೂರು ದೇಶದವರ ಪಾತ್ರ, ಮೂರು ಬೇರೆ ಕ್ರಿಯಾಪದ. ಪ್ಯಾರಾದ ಅಂಚಿನಲ್ಲಿ ನೀವು ನೋಡಿದ ಪ್ರತಿ ದಾಖಲೆ ಬಹಿರಂಗವಾದ ವರ್ಷವನ್ನು ಪೆನ್ಸಿಲ್ಲಿನಲ್ಲಿ ಬರೆದಿಡಿ. ಕಾಂಗೋ ಕುರಿತ ಅಮೆರಿಕದ ಸಂಪುಟವೊಂದು ಹೊರಬಂದದ್ದು 2013ರಲ್ಲಿ, ಘಟನೆಯ ಅರ್ಧ ಶತಮಾನದ ಮೇಲೆ. ಅದರಲ್ಲೂ ಕಪ್ಪು ಬಳಿದ ಸಾಲುಗಳಿವೆ. ಅವು ತೆರೆದ ದಿನ ನಿಮ್ಮ ವಾಕ್ಯವನ್ನು ಮತ್ತೆ ಬರೆಯಬೇಕಾಗುತ್ತದೆ.